ಕೃಪಾವರವೂ ಸೇವೆಯೂ: ಪೌಲನ ಪತ್ರಿಕೆಗಳ ಎರಡು ಶಬ್ದಗಳ ವಿಚಾರ

೧

ಒಂದು ಮತದ ಶಾಸ್ತ್ರಗ್ರಂಥವು ಅನ್ಯಭಾಷೆಗೆ ಪರಿವರ್ತಿತವಾಗುವಾಗ ಅದರ ಪಾರಿಭಾಷಿಕ ಶಬ್ದಗಳಿಗೆ ಆ ಭಾಷೆಯಲ್ಲಿ ಮೊದಲೇ ರೂಢವಾಗಿರುವ ಶಬ್ದಗಳನ್ನೇ ಆಶ್ರಯಿಸಬೇಕಾಗುವುದು. ಹಾಗೆ ಆಶ್ರಯಿಸಲ್ಪಟ್ಟ ಶಬ್ದವು ತನ್ನ ಪೂರ್ವಸಂಸ್ಕಾರವನ್ನು ತೊರೆದು ಬರುವುದಿಲ್ಲ. ಬಹುಕಾಲದ ಪ್ರಯೋಗದಿಂದ ಅದಕ್ಕೆ ಅಂಟಿರುವ ಕಥೆಗಳೂ ಭಾವಗಳೂ ಹೊಸ ಅರ್ಥದೊಡನೆ ಸೇರಿಕೊಳ್ಳುತ್ತವೆ. ಕೆಲವೆಡೆ ಅವು ಅರ್ಥಕ್ಕೆ ಪೋಷಕವಾಗುವುವು, ಕೆಲವೆಡೆ ಬಾಧಕವಾಗುವುವು. ಕ್ರೈಸ್ತಶಾಸ್ತ್ರದ 'ಖಾರಿಸ್ಮ' ಎಂಬ ಗ್ರೀಕ್ ಶಬ್ದಕ್ಕೆ ಕನ್ನಡ ಕ್ರೈಸ್ತರಲ್ಲಿ 'ವರ', 'ಕೃಪಾವರ' ಎಂಬ ಮಾತುಗಳೂ, 'ದಿಯಾಕೊನಿಯ' ಎಂಬುದಕ್ಕೆ 'ಸೇವೆ' ಎಂಬ ಮಾತೂ ರೂಢಿಯಲ್ಲಿವೆ. ಮೂಲದಲ್ಲಿ ಈ ಎರಡು ಶಬ್ದಗಳಿಗೂ ಅವಿನಾಭಾವಸಂಬಂಧವುಂಟು. ಕನ್ನಡದಲ್ಲಿಯಾದರೋ ವರವೆಂದೊಡನೆ ಸೇವೆಯ ಸ್ಮರಣೆಯಾಗುವುದಿಲ್ಲ. ತಪಸ್ಸು ಮಾಡಿ ಪಡೆದವನ ಪ್ರಾಬಲ್ಯವೇ ಮೊದಲು ಮನಸ್ಸಿಗೆ ತೋರುತ್ತದೆ. ಆದಕಾರಣ ವರಶಬ್ದವು ಮೂಲಾರ್ಥವನ್ನು ಎಷ್ಟರಮಟ್ಟಿಗೆ ವಹಿಸಬಲ್ಲುದು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

೨

ಮೊದಲು ಶಬ್ದನಿಷ್ಪತ್ತಿಯನ್ನು ನೋಡತಕ್ಕದ್ದು. 'ಖಾರಿಸ್' ಎಂದರೆ ಕೃಪೆ, ಪ್ರಸನ್ನತೆ, ಉಪಕಾರ. ಪ್ರಸನ್ನನಾಗಿ ಕೊಡುವುದು ಎಂಬ ಅರ್ಥದ ಕ್ರಿಯಾಪದವು ಅದರಿಂದಲೇ ಹುಟ್ಟಿದೆ. ಆ ಕ್ರಿಯೆಯ ಫಲವನ್ನು ಹೇಳುವ 'ಮ' ಪ್ರತ್ಯಯವು ಸೇರಿ 'ಖಾರಿಸ್ಮ' ಎಂದಾಗುವುದು. ಈ ಪ್ರತ್ಯಯವು ಕರ್ಮನ್, ಜನ್ಮನ್ ಮುಂತಾದ ಸಂಸ್ಕೃತ ಶಬ್ದಗಳಲ್ಲಿ ಕಾಣುವ 'ಮನ್' ಪ್ರತ್ಯಯಕ್ಕೆ ಸಜಾತೀಯವಾದುದು. ಧಾತುವು ವೇದದ 'ಹರ್ಯತಿ' ಎಂಬ ರೂಪಕ್ಕೆ, ಅಂದರೆ ಸಂತೋಷಪಡುವ, ಬಯಸುವ ಅರ್ಥದ ಧಾತುವಿಗೆ, ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರ ನಿರ್ಣಯ. ಆದುದರಿಂದ ಕೊಡುವವನ ಸಂತೋಷದಿಂದ ಹುಟ್ಟಿದ ಕೊಡುಗೆಯೆಂಬುದೇ ಇದರ ಯೌಗಿಕಾರ್ಥವು. ಪೌಲನಿಗಿಂತ ಹಿಂದಿನ ಗ್ರೀಕ್ ವಾಙ್ಮಯದಲ್ಲಿ ಈ ಶಬ್ದವು ಅತಿವಿರಳ. ಹೊಸ ಒಡಂಬಡಿಕೆಯಲ್ಲಿ ಇದು ೧೭ ಸಾರಿ ಬಂದಿದೆ. ಅವುಗಳಲ್ಲಿ ೧೬ ಪ್ರಯೋಗಗಳು ಪೌಲನ ಹೆಸರಿನ ಪತ್ರಿಕೆಗಳಲ್ಲಿಯೂ, ಉಳಿದ ಒಂದು ಪೇತ್ರನ ಹೆಸರಿನ ಮೊದಲನೆಯ ಪತ್ರಿಕೆಯಲ್ಲಿಯೂ ಇವೆ.

'ವರ' ಶಬ್ದವಾದರೋ ವರಣಾರ್ಥಕವಾದ 'ವೃ' ಧಾತುವಿನಿಂದ ಬಂದುದು. ಆರಿಸಿಕೊಂಡದ್ದು, ಕೋರಿದ್ದು ಎಂಬುದು ಅದರ ಅರ್ಥ. ದೇವತೆಯಿಂದ ಬೇಡಿ ಪಡೆದುದೇ ವರವೆಂದು ಅಮರಸಿಂಹನೂ ಹೇಳುತ್ತಾನೆ. ಖಾರಿಸ್ಮದಲ್ಲಿ ಕೊಡುವವನ ಇಚ್ಛೆಯು ಪ್ರಧಾನ. ವರದಲ್ಲಿ ಕೇಳುವವನ ಇಚ್ಛೆಯು ಪ್ರಧಾನ. ಪುರಾಣೇತಿಹಾಸಗಳಲ್ಲಿ ಹಿರಣ್ಯಕಶಿಪುವಿನ ವರ, ರಾವಣನ ವರ, ಕೈಕೇಯಿಯ ವರ, ಇವೆಲ್ಲವೂ ಕೇಳಿದವರ ಅಭೀಷ್ಟಕ್ಕಾಗಿ ಬಂದು ಪರರಿಗೆ ದುಃಖವನ್ನು ತಂದಂಥವು. ಈ ಸಂಸ್ಕಾರವಿರುವ ಓದುಗನಿಗೆ ಕ್ರೈಸ್ತಗ್ರಂಥದಲ್ಲಿಯ 'ವರ'ವು ಒಂದು ಸಿದ್ಧಿಯಂತೆ ತೋರುವುದು ಸಹಜ. ಸಿದ್ಧಿಯಾದರೆ ಪಡೆದವನು ದೊಡ್ಡವನಾಗುತ್ತಾನೆ. ಪೌಲನ ಮಾತಿನ ಪ್ರಕಾರ ಪಡೆದವನು ಸಭೆಗೆ ಋಣಿಯಾಗುತ್ತಾನೆ. ಈ ಅಂತರವು ಅಲ್ಪವಾದುದಲ್ಲ.

೩

ಪೌಲನು ಈ ವಿಚಾರವನ್ನು ಏತಕ್ಕಾಗಿ ಎತ್ತಿಕೊಂಡನೆಂಬುದನ್ನು ತಿಳಿಯಬೇಕಾದರೆ ಕೊರಿಂಥ ಪಟ್ಟಣದ ಸ್ಥಿತಿಯನ್ನು ನೋಡಬೇಕು. ಕ್ರಿ. ಪೂ. ೧೪೬ರಲ್ಲಿ ರೋಮನರಿಂದ ನಾಶವಾದ ಈ ಪಟ್ಟಣವನ್ನು ಕ್ರಿ. ಪೂ. ೪೪ರಲ್ಲಿ ಯೂಲಿಯಸ್ ಸೀಸರನು ರೋಮನ್ ವಸಾಹತುವಾಗಿ ಪುನಃ ಸ್ಥಾಪಿಸಿದನು. ಎರಡು ಸಮುದ್ರಗಳ ನಡುವಣ ಭೂಸಂಧಿಯಲ್ಲಿದ್ದುದರಿಂದ ವ್ಯಾಪಾರದಿಂದ ಅದು ಬೇಗನೆ ಸಂಪನ್ನವಾಯಿತು. ಪೌಲನು ಅಲ್ಲಿದ್ದಾಗ ಗಲ್ಲಿಯೋ ಎಂಬವನು ಪ್ರಾಂತಾಧಿಪತಿಯಾಗಿದ್ದನೆಂದು 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ದೆಲ್ಫಿಯಲ್ಲಿ ದೊರೆತ ಶಿಲಾಶಾಸನವೊಂದರಲ್ಲಿ ಅದೇ ಅಧಿಪತಿಯ ಹೆಸರಿರುವುದರಿಂದ ಆ ಕಾಲವು ಸುಮಾರು ಕ್ರಿ. ಶ. ೫೧-೫೨ ಎಂದು ಗೊತ್ತಾಗಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯು ಅದಾದ ಕೆಲವು ವರ್ಷಗಳಲ್ಲಿ ಎಫೆಸದಿಂದ ಹೋದುದು.

ಅಲ್ಲಿಯ ಸಭೆಯಲ್ಲಿ ಭೇದಗಳು ಬಹಳವಾಗಿದ್ದುವು. ಪ್ರಭುಭೋಜನಕ್ಕೆಂದು ಸೇರಿದಾಗ ಉಳ್ಳವರು ಮುಂದಾಗಿ ಉಂಡುಬಿಡುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಅದರಂತೆಯೇ ಆತ್ಮಾವೇಶದಿಂದ ಅನ್ಯಭಾಷೆಗಳನ್ನು ನುಡಿಯುವ ಶಕ್ತಿಯು ದೊಡ್ಡತನದ ಗುರುತಾಗಿ, ಅದಿಲ್ಲದವರು ಕೀಳೆನಿಸಿಕೊಳ್ಳುವಂತಾಗಿತ್ತು. ಊಟದ ಪಂಕ್ತಿಯಲ್ಲಿ ತೋರಿದ ರೋಗವೇ ಪ್ರಾರ್ಥನೆಯ ಕೂಟದಲ್ಲಿಯೂ ತೋರಿತೆಂದು ಹೇಳಬಹುದು.

ಇದಕ್ಕೆ ಉತ್ತರವಾಗಿ ಪತ್ರಿಕೆಯ ೧೨ನೆಯ ಅಧ್ಯಾಯದಲ್ಲಿ ಪೌಲನು ಮೂರು ಶಬ್ದಗಳನ್ನು ಸಾಲಾಗಿ ಇಡುತ್ತಾನೆ: ಖಾರಿಸ್ಮಗಳು ನಾನಾವಿಧ, ಆತ್ಮನೊಬ್ಬನೇ, ದಿಯಾಕೊನಿಯಗಳು ನಾನಾವಿಧ, ಕರ್ತನೊಬ್ಬನೇ, ಕಾರ್ಯಗಳು ನಾನಾವಿಧ, ದೇವರೊಬ್ಬನೇ ಎಂಬುದು ಅಲ್ಲಿಯ ತಾತ್ಪರ್ಯ. ಒಂದೇ ವಸ್ತುವು ಕೊಟ್ಟವನ ಕಡೆಯಿಂದ ನೋಡಿದರೆ ವರ, ಪ್ರಯೋಜನದ ಕಡೆಯಿಂದ ನೋಡಿದರೆ ಸೇವೆ. ಪ್ರತಿಯೊಬ್ಬನಿಗೆ ಕೊಟ್ಟಿರುವುದು ಸರ್ವರ ಹಿತಕ್ಕಾಗಿ ಎಂದು ಒಡನೆಯೇ ನಿಯಮವನ್ನೂ ಹೇಳಿದ್ದಾನೆ. ಮುಂದೆ ಜ್ಞಾನವಾಕ್ಯ, ವಿದ್ಯಾವಾಕ್ಯ, ನಂಬಿಕೆ, ರೋಗಶಮನ, ಮಹತ್ಕಾರ್ಯ, ಪ್ರವಾದನೆ, ಆತ್ಮವಿವೇಚನೆ, ನಾನಾ ಭಾಷೆ, ಭಾಷೆಗಳ ಅರ್ಥವಿವರಣೆ ಎಂದು ಒಂಬತ್ತನ್ನು ಎಣಿಸುತ್ತಾನೆ. ಕೊರಿಂಥದವರು ತಲೆಯ ಮೇಲೆ ಹೊತ್ತಿದ್ದ ಭಾಷಾವರವು ಈ ಪಟ್ಟಿಯ ಕೊನೆಗೆ ಸೇರಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಅಧ್ಯಾಯದ ಕೊನೆಯ ಪಟ್ಟಿಯಲ್ಲಿ ಪರಸಹಾಯವೂ 'ಕುಬೆರ್ನೆಸಿಸ್' ಎಂಬುದೂ ಸೇರಿವೆ. ಈ ಎರಡನೆಯ ಶಬ್ದಕ್ಕೆ ಹಡಗನ್ನು ನಡಸುವ ಕರ್ಣಧಾರನ ಕೆಲಸವೆಂದು ಅರ್ಥ. ನೆರವಾಗುವುದೂ ಆಡಳಿತ ನೋಡುವುದೂ ಅದ್ಭುತಕಾರ್ಯಗಳೊಡನೆ ಒಂದೇ ಸಾಲಿನಲ್ಲಿ ಎಣಿಕೆಗೆ ಬಂದುವು.

ಇದೇ ಪ್ರಸಂಗದಲ್ಲಿ ಶರೀರದೃಷ್ಟಾಂತವು ಬರುತ್ತದೆ. ಈ ದೃಷ್ಟಾಂತವು ಪೌಲನ ಸ್ವಂತದ್ದಲ್ಲ. ಕ್ರಿ. ಪೂ. ೪೯೪ರಲ್ಲಿ ರೋಮಿನ ಸಾಮಾನ್ಯಪ್ರಜೆಗಳು ಮುನಿದು ಊರು ಬಿಟ್ಟು ಹೋದಾಗ ಮೆನೇನಿಯಸ್ ಅಗ್ರಿಪ್ಪನು ಹೊಟ್ಟೆಯ ಮೇಲೆ ಮುನಿದ ಅವಯವಗಳ ಕಥೆಯನ್ನು ಹೇಳಿ ಅವರನ್ನು ಸಮಾಧಾನಪಡಿಸಿದನೆಂದು ಲಿವಿಯು ಬರೆದಿದ್ದಾನೆ. ಅಲ್ಲಿ ದೃಷ್ಟಾಂತವು ಮೇಲಿನವರಿಗೆ ಅನುಕೂಲವಾಗಿ ನಡೆಯಿತು. ಪೌಲನಲ್ಲಿ ಅದು ತಿರುಗಿ, ಬಲಹೀನವೆಂದು ತೋರುವ ಅಂಗಗಳೇ ಅತ್ಯವಶ್ಯವಾದುವು, ಅವಕ್ಕೇ ಹೆಚ್ಚು ಮಾನವು ಸಲ್ಲತಕ್ಕದ್ದು ಎಂಬ ಸಿದ್ಧಾಂತಕ್ಕೆ ಬಂದು ನಿಲ್ಲುತ್ತದೆ. ಛಾಂದೋಗ್ಯದ ಪ್ರಾಣಸಂವಾದವನ್ನೂ ಇಲ್ಲಿ ಹೋಲಿಸಿ ನೋಡಬಹುದು. ವಾಕ್ಕು, ಚಕ್ಷುಸ್ಸು, ಶ್ರೋತ್ರ, ಮನಸ್ಸು ಇವು ಒಂದೊಂದಾಗಿ ಒಂದೊಂದು ವರ್ಷ ದೇಹವನ್ನು ಬಿಟ್ಟು ಹೋದರೂ ದೇಹವು ಬದುಕಿತು. ಪ್ರಾಣವು ಹೊರಡಲನುವಾದಾಗ ಎಲ್ಲವೂ ಕಂಗೆಟ್ಟುವು. ಅಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಉತ್ತರವುಂಟು. ಪೌಲನು ಅಂಗಗಳೊಳಗೆ ಶ್ರೇಷ್ಠತೆಯ ಪ್ರಶ್ನೆಯನ್ನೇ ನಿರಾಕರಿಸುತ್ತಾನೆ. ಉಪನಿಷತ್ತಿಗೆ ಬ್ರಹ್ಮವಿದ್ಯೆಯು ಉದ್ದಿಷ್ಟ, ಪತ್ರಿಕೆಗೆ ಜನರ ಐಕಮತ್ಯವು ಉದ್ದಿಷ್ಟ. ಆದುದರಿಂದ ಈ ಭೇದವು ಯುಕ್ತವೇ ಆಗಿದೆ.

೪

ಇನ್ನು 'ದಿಯಾಕೊನಿಯ' ಶಬ್ದದ ವಿಚಾರ. 'ಅಪೊಸ್ತಲರ ಕೃತ್ಯಗಳು' ಗ್ರಂಥದ ೬ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯ ಒಂದು ವ್ಯಾಜ್ಯವು ವರ್ಣಿತವಾಗಿದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ನುಡಿಯ ವಿಧವೆಯರನ್ನು ಅಲಕ್ಷ್ಯಮಾಡಲಾಗುತ್ತಿದೆಯೆಂದು ದೂರು ಬಂದಿತು. ಆಗ ಸ್ತೆಫನನೇ ಮೊದಲಾದ ಏಳು ಮಂದಿಯನ್ನು ಪಂಕ್ತಿಯ ಕೆಲಸಕ್ಕೆ ನೇಮಿಸಿ, ಹನ್ನೆರಡು ಮಂದಿ ಅಪೊಸ್ತಲರು ವಾಕ್ಯದ ಕೆಲಸದಲ್ಲಿ ನಿಂತರು. ಅನ್ನದ ಹಂಚಿಕೆಗೂ ವಾಕ್ಯದ ಬೋಧನೆಗೂ ಮೂಲದಲ್ಲಿ ದಿಯಾಕೊನಿಯ ಎಂಬ ಒಂದೇ ಶಬ್ದವನ್ನು ಪ್ರಯೋಗಿಸಿರುವುದು ಗಮನಾರ್ಹ. ಭಾಷಾಂತರಗಳಲ್ಲಿ ಒಂದೆಡೆ ಉಪಚಾರವೆಂದೂ ಇನ್ನೊಂದೆಡೆ ಸೇವೆಯೆಂದೂ ಬಿಡಿಸಿ ಹೇಳಿದರೆ ಈ ಸಾಮ್ಯವು ಮರೆಯಾಗುತ್ತದೆ.

ಈ ಶಬ್ದವು ಬಡಿಸುವವನ ಕೀಳುಗೆಲಸವನ್ನು ಸೂಚಿಸುತ್ತದೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ವಿದ್ವಾಂಸ ಜಾನ್ ಕಾಲಿನ್ಸ್ ಎಂಬವರು ೧೯೯೦ರಲ್ಲಿ ಪ್ರಾಚೀನ ಗ್ರೀಕ್ ಪ್ರಯೋಗಗಳನ್ನು ಪರಿಶೀಲಿಸಿ, ಒಬ್ಬನು ಇನ್ನೊಬ್ಬನ ಪರವಾಗಿ ಹೊತ್ತ ನಿಯೋಗವೇ ಇದರ ಪ್ರಧಾನಾರ್ಥವೆಂದು ವಾದಿಸಿದರು. ಆ ಪಕ್ಷವನ್ನು ಅಂಗೀಕರಿಸಿದರೆ ಸೇವೆಯೆಂಬುದು ತಗ್ಗಿ ನಡೆಯುವ ಭಾವವಷ್ಟೇ ಆಗದೆ, ಒಪ್ಪಿಸಲ್ಪಟ್ಟ ಹೊಣೆಯೂ ಆಗುತ್ತದೆ. ಕೊರಿಂಥದ ಬಂದರಾದ ಕೆಂಖ್ರೆಯದ ಸಭೆಯಲ್ಲಿದ್ದ ಫೊಯಿಬೆಯೆಂಬ ಸ್ತ್ರೀಯನ್ನು ಪೌಲನು ಈ ಶಬ್ದದಿಂದಲೇ ನಿರ್ದೇಶಿಸಿದ್ದಾನೆ. ಪೇತ್ರನ ಪತ್ರಿಕೆಯಲ್ಲಿಯ ಏಕೈಕ ಖಾರಿಸ್ಮಪ್ರಯೋಗವೂ ಇದಕ್ಕೆ ಸಾಕ್ಷಿ: ಪಡೆದ ವರವನ್ನು ಒಬ್ಬರಿಗೊಬ್ಬರು ಸೇವೆಯಾಗಿ ಸಲ್ಲಿಸಿ ದೇವರ ಕೃಪೆಗೆ ಒಳ್ಳೆಯ ಪಾರುಪತ್ಯಗಾರರಾಗಿರಬೇಕೆಂಬುದು ಅಲ್ಲಿಯ ಉಪದೇಶ. ಪಾರುಪತ್ಯಗಾರನ ಕೈಯಲ್ಲಿರುವ ಭಂಡಾರವು ಅವನದಲ್ಲ. ಲೆಕ್ಕವನ್ನು ಮಾತ್ರ ಅವನು ಒಪ್ಪಿಸಬೇಕು.

ಯೆರೂಸಲೇಮಿನ ಬಡವರಿಗಾಗಿ ಪೌಲನು ಸಭೆಗಳಿಂದ ಸಂಗ್ರಹಿಸಿದ ಹಣದ ವಿಷಯವೂ ಇಲ್ಲಿ ಸ್ಮರಣೀಯ. ಕೊರಿಂಥದವರ ಎರಡನೆಯ ಪತ್ರಿಕೆಯಲ್ಲಿ ಆ ವಂತಿಗೆಯನ್ನು ಅವನು 'ಖಾರಿಸ್' ಎಂದೂ 'ದಿಯಾಕೊನಿಯ' ಎಂದೂ ಕರೆದಿದ್ದಾನೆ. ಕೃಪೆಯೂ ಸೇವೆಯೂ ಒಂದು ಹಣದ ಗಂಟಿನಲ್ಲಿ ಏಕತ್ರ ಸೇರಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

೫

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಶ್ರೇಷ್ಠವಾದ ವರಗಳನ್ನು ಆಸಕ್ತಿಯಿಂದ ಅಪೇಕ್ಷಿಸಿರೆಂದು ಪೌಲನೇ ೧೨ನೆಯ ಅಧ್ಯಾಯದ ಕೊನೆಯಲ್ಲಿ ಹೇಳಿರುವನಷ್ಟೆ. ಹಾಗಾದರೆ ಖಾರಿಸ್ಮವೂ ಕೋರಿ ಪಡೆಯತಕ್ಕದ್ದೇ ಆಯಿತು, ವರಶಬ್ದದಲ್ಲಿ ದೋಷವೇನು? ಎಂದು.

ಇದಕ್ಕೆ ಸಮಾಧಾನ: ಅಪೇಕ್ಷೆಯು ನಿಷಿದ್ಧವಲ್ಲ, ಅಪೇಕ್ಷೆಯ ಪ್ರಯೋಜನವು ನಿಯತವಾಗಿದೆ. ಆ ವಾಕ್ಯದ ಬೆನ್ನಿಗೇ ೧೩ನೆಯ ಅಧ್ಯಾಯದಲ್ಲಿ ಪ್ರೀತಿಯ ಪ್ರಶಂಸೆ ಬಂದು, ಪ್ರೀತಿಯಿಲ್ಲದ ಸಮಸ್ತ ವರಗಳೂ ನಿಷ್ಫಲವೆಂದು ಪ್ರತಿಪಾದಿತವಾಗಿದೆ. ೧೪ನೆಯ ಅಧ್ಯಾಯದಲ್ಲಿ ವರಗಳ ತಾರತಮ್ಯಕ್ಕೆ ಒಂದೇ ಒರೆಗಲ್ಲು ಹೇಳಲ್ಪಟ್ಟಿದೆ. ಅದು ಸಭೆಯ ಅಭಿವೃದ್ಧಿ. ಕೇಳುವವರಿಗೆ ತಿಳಿಯದ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವ ಐದು ಮಾತುಗಳು ಮೇಲೆಂಬುದು ಪೌಲನ ನಿರ್ಣಯ. ಆದುದರಿಂದ ಶ್ರೇಷ್ಠವಾದ ವರವೆಂದರೆ ಇತರರಿಗೆ ಹೆಚ್ಚು ಉಪಯುಕ್ತವಾದ ವರವೆಂದೇ ಅರ್ಥಮಾಡತಕ್ಕದ್ದು. ರೋಮಾಪುರದವರ ಪತ್ರಿಕೆಯ ೧೨ನೆಯ ಅಧ್ಯಾಯದಲ್ಲಿ ಎಣಿಸಿರುವ ಏಳು ವರಗಳಲ್ಲಿ ಸೇವೆ, ಬೋಧನೆ, ದಾನ, ದಯೆ ಇವು ಸೇರಿವೆ, ಭಾಷಾವರವು ಅಲ್ಲಿಲ್ಲ.

ವರಶಬ್ದದ ಭಾರತೀಯ ಪರಂಪರೆಯೂ ಪೂರ್ತಿಯಾಗಿ ಸ್ವಾರ್ಥಪರವಾದುದೆಂದು ಹೇಳಲಾಗದು. ಭಾಗವತದ ಪ್ರಹ್ಲಾದನು ನರಸಿಂಹನು ವರವನ್ನು ಕೊಡಬಂದಾಗ, ಸೇವಿಸಿ ಫಲವನ್ನು ಬೇಡುವವನು ಸೇವಕನಲ್ಲ, ವ್ಯಾಪಾರಿಯೆಂದು ಹೇಳಿ, ಬಯಕೆಯೇ ಹುಟ್ಟದಿರಲಿ ಎಂಬುದನ್ನೇ ಕೇಳಿಕೊಂಡನು. ರಂತಿದೇವನು ಅಷ್ಟಸಿದ್ಧಿಗಳನ್ನೂ ಅಪುನರ್ಭವವನ್ನೂ ಬೇಡದೆ ಪ್ರಾಣಿಗಳ ದುಃಖವನ್ನು ತಾನು ಹೊರಬೇಕೆಂದು ಬಯಸಿದನು. ಇಂಥ ಆಖ್ಯಾನಗಳನ್ನು ಬಲ್ಲ ಕನ್ನಡಿಗನಿಗೆ ವರವನ್ನು ಪರಾರ್ಥವಾಗಿ ಗ್ರಹಿಸುವ ಸಾಮರ್ಥ್ಯವು ತನ್ನ ಸಾಹಿತ್ಯದಿಂದಲೇ ಒದಗಿದೆ. 'ಕೃಪಾವರ' ಎಂಬ ಸಮಾಸದಲ್ಲಿ ಪೂರ್ವಪದವು ವರದ ಮೂಲವನ್ನು ಕೇಳುವವನ ತಪಸ್ಸಿನಿಂದ ಬಿಡಿಸಿ ಕೊಡುವವನ ಕೃಪೆಗೆ ಸೇರಿಸುವುದರಿಂದ ಈ ಗ್ರಹಣಕ್ಕೆ ಸಹಾಯವಾಗುತ್ತದೆ.

೬

ಉತ್ತರಕಾಲದಲ್ಲಿ ಈ ವಿಷಯವು ಎಷ್ಟು ವಿವಾದಾಸ್ಪದವಾಯಿತೆಂಬುದಕ್ಕೆ ಒಂದು ವಿರಾಮಚಿಹ್ನೆಯೇ ನಿದರ್ಶನ. ಎಫೆಸದವರ ಪತ್ರಿಕೆಯ ೪ನೆಯ ಅಧ್ಯಾಯದಲ್ಲಿ ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಇವರನ್ನು ಕೊಟ್ಟುದು ದೇವಜನರನ್ನು ಸಜ್ಜುಗೊಳಿಸುವುದಕ್ಕೆ, ಸೇವೆಯ ಕಾರ್ಯಕ್ಕೆ ಎಂದಿದೆ. ಈ ಪತ್ರಿಕೆಯು ಪೌಲನದೇ ಎಂಬುದರಲ್ಲಿ ವಿದ್ವಾಂಸರಿಗೆ ಅಭಿಪ್ರಾಯಭೇದವುಂಟು. ಪ್ರಕೃತಕ್ಕೆ ಅದು ಬಾಧಕವಲ್ಲ. ೧೬೧೧ರ ಇಂಗ್ಲಿಷ್ ಭಾಷಾಂತರದಲ್ಲಿ ಈ ಎರಡು ಪದಪುಂಜಗಳ ನಡುವೆ ಅಲ್ಪವಿರಾಮವಿದೆ. ಅದರಂತೆ ಓದಿದರೆ ಸಜ್ಜುಗೊಳಿಸುವವರೂ ಸೇವೆಮಾಡುವವರೂ ಅಧಿಕಾರಿಗಳೇ ಆಗುತ್ತಾರೆ. ವಿರಾಮವನ್ನು ತೆಗೆದು ಓದಿದರೆ ಅಧಿಕಾರಿಗಳು ಸಜ್ಜುಗೊಳಿಸುವವರು, ಸೇವೆಯು ಸಮಸ್ತ ಜನರದು. ಅರ್ವಾಚೀನ ಭಾಷಾಂತರಕಾರರಲ್ಲಿ ಅನೇಕರು ಎರಡನೆಯ ಅನ್ವಯವನ್ನೇ ಹಿಡಿದಿದ್ದಾರೆ. ಸಜ್ಜುಗೊಳಿಸುವುದೆಂಬ ಅರ್ಥದ ಮೂಲಶಬ್ದವು ಬೆಸ್ತರು ಬಲೆಯನ್ನು ಸರಿಮಾಡುವುದಕ್ಕೆ ಸುವಾರ್ತೆಯಲ್ಲಿ ಬಳಸಿರುವ ಕ್ರಿಯಾಪದಕ್ಕೆ ಸಂಬಂಧಪಟ್ಟುದು. ಬಲೆಯನ್ನು ಸರಿಮಾಡುವುದು ಮೀನು ಹಿಡಿಯುವುದಕ್ಕಾಗಿ. ಜನರನ್ನು ಸಜ್ಜುಗೊಳಿಸುವುದೂ ಅವರು ಕೆಲಸಮಾಡುವುದಕ್ಕಾಗಿ ಎಂದು ಈ ಅನ್ವಯವನ್ನು ಸಮರ್ಥಿಸಬಹುದು.

ರೋಮನ್ ಕಥೋಲಿಕ ಸಭೆಯಲ್ಲಿಯೂ ೧೯೬೩ರ ಅಕ್ಟೋಬರಿನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ, ಇದೇ ಚರ್ಚೆ ನಡೆಯಿತು. ಇಂಥ ವರಗಳು ಆದಿಕಾಲದಲ್ಲಿ ಹೇರಳವಾಗಿದ್ದು ಈಗ ವಿರಳವಾದುವೆಂದು ಕಾರ್ಡಿನಲ್ ರುಫ್ಫಿನಿಯೂ, ಅವು ಎಲ್ಲ ಕಾಲಗಳಲ್ಲಿಯೂ ಸಾಮಾನ್ಯಜನರಲ್ಲಿಯೂ ಇರುವುವೆಂದು ಕಾರ್ಡಿನಲ್ ಸ್ವೇನೆನ್ಸನೂ ವಾದಿಸಿದರು. ೧೯೬೪ರ ನಿರ್ಣಯಪತ್ರವು ಎರಡನೆಯ ಪಕ್ಷಕ್ಕೆ ಅನುಕೂಲವಾಯಿತು. ಲೌಕಿಕಶಾಸ್ತ್ರದಲ್ಲಿಯಾದರೋ ಶಬ್ದವು ಬೇರೆ ದಾರಿ ಹಿಡಿಯಿತು. ಸಮಾಜಶಾಸ್ತ್ರಜ್ಞ ಮಾಕ್ಸ್ ವೇಬರನು ಸಭಾಧರ್ಮದ ಇತಿಹಾಸಕಾರನಾದ ರುಡಾಲ್ಫ್ ಸೋಮನಿಂದ ಇದನ್ನು ತೆಗೆದುಕೊಂಡು, ಜನರನ್ನು ಸೆಳೆಯುವ ನಾಯಕನ ಅಸಾಧಾರಣಶಕ್ತಿಗೆ ಹೆಸರಾಗಿ ಇಟ್ಟನು. ಈಗ ಲೋಕದಲ್ಲಿ ಪ್ರಚಾರದಲ್ಲಿರುವುದು ಈ ಅರ್ಥವೇ. ಪೌಲನು ಕೊರಿಂಥದಲ್ಲಿ ನಿವಾರಿಸಹೊರಟ ಅರ್ಥವೇ ಕಾಲಾಂತರದಲ್ಲಿ ಶಬ್ದವನ್ನು ಮರಳಿ ಆವರಿಸಿತು.

ವರವೂ ಸೇವೆಯೂ ಒಟ್ಟಿಗೆ ನಿಂತುದಕ್ಕೆ ಭಾರತದಲ್ಲಿ ಪಂಡಿತಾ ರಮಾಬಾಯಿಯು ಉದಾಹರಣೆ. ೧೮೫೮ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಈಗಿನ ಕರ್ನಾಟಕದ ಸೀಮೆಯಲ್ಲಿ, ಅನಂತಶಾಸ್ತ್ರಿಯ ಮಗಳಾಗಿ ಹುಟ್ಟಿ, ತಾಯಿತಂದೆಗಳಿಂದ ಸಂಸ್ಕೃತವನ್ನು ಕಲಿತು, ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನು ಪಡೆದಾಕೆ ಈಕೆ. ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಅವಲಂಬಿಸಿದಳು. ಕ್ಷಾಮಕಾಲಗಳಲ್ಲಿ ಅನಾಥೆಯರಾದ ಹೆಣ್ಣುಮಕ್ಕಳನ್ನು ತಂದು ಪುಣೆಯ ಸಮೀಪದ ಕೇಡ್ಗಾಂವಿಯ ಮುಕ್ತಿಯಲ್ಲಿ ಇರಿಸಿ ಓದನ್ನೂ ಕೈಗೆಲಸಗಳನ್ನೂ ಕಲಿಸಿದಳು. ೧೯೦೫ರಲ್ಲಿ ಅಲ್ಲಿಯ ಪ್ರಾರ್ಥನಾಕೂಟಗಳಲ್ಲಿ ಆತ್ಮಾವೇಶವು ಕಾಣಿಸಿಕೊಂಡಿತು. ಅಮೆರಿಕದ ಲಾಸ್ ಏಂಜಲೀಸಿನ ಪ್ರಸಿದ್ಧವಾದ ಜಾಗೃತಿಯು ೧೯೦೬ರಲ್ಲಿ ಆದುದು. ಅನ್ಯಭಾಷೆಯನ್ನು ನುಡಿಯುವುದೇ ಆತ್ಮಪ್ರಾಪ್ತಿಗೆ ಏಕಮಾತ್ರಲಕ್ಷಣವೆಂಬ ಪಕ್ಷವನ್ನು ರಮಾಬಾಯಿಯು ಹಿಡಿಯಲಿಲ್ಲ. ಆವೇಶದ ನಡುವೆಯೂ ಅನಾಥಮಕ್ಕಳ ಪೋಷಣೆಯು ನಿಲ್ಲಲಿಲ್ಲ. ತನ್ನ ಪಾಂಡಿತ್ಯವನ್ನು ಆಕೆ ೧೯೨೨ರಲ್ಲಿ ತೀರಿಕೊಳ್ಳುವವರೆಗೂ ಸಾಮಾನ್ಯರಿಗೆ ತಿಳಿಯುವ ಮರಾಠಿಗೆ ಬೈಬಲನ್ನು ಪರಿವರ್ತಿಸುವುದರಲ್ಲಿ ವಿನಿಯೋಗಿಸಿದಳು.

೭

ಇದುವರೆಗಿನ ವಿಚಾರದಿಂದ ಸಿದ್ಧವಾದುದು ಇಷ್ಟು. ಖಾರಿಸ್ಮವೆಂದರೆ ಬೇಡದೆಯೂ ಬರಬಹುದಾದ, ಬಂದಮೇಲೆ ಪರಹಿತಕ್ಕೆ ಸಲ್ಲಲೇಬೇಕಾದ ಕೊಡುಗೆ. ಸೇವೆಯು ಅದರ ಮೇಲೆ ಹೊರಗಿನಿಂದ ಹೇರಿದ ವಿಧಿಯಲ್ಲ, ಅದರ ಸ್ವರೂಪದಲ್ಲಿಯೇ ಸೇರಿದುದು. ವರಶಬ್ದವು ಈ ಅರ್ಥವನ್ನು ತಾನಾಗಿ ಕೊಡದಿದ್ದರೂ ಪ್ರಕರಣಬಲದಿಂದಲೂ ಕೃಪಾಪದದ ಯೋಗದಿಂದಲೂ ಕೊಡಬಲ್ಲುದು. ಆದಕಾರಣ ಅದನ್ನು ತ್ಯಜಿಸಬೇಕಾದ ಆವಶ್ಯಕತೆಯಿಲ್ಲ. ಪಾಠಹೇಳುವವರು ಹಿರಣ್ಯಕಶಿಪುವಿನ ವರವನ್ನೂ ಪ್ರಹ್ಲಾದನ ಮಾತನ್ನೂ ಜತೆಯಲ್ಲಿರಿಸಿ ವಿವರಿಸಿದರೆ ವಿದ್ಯಾರ್ಥಿಗಳಿಗೆ ಕ್ರೈಸ್ತಗ್ರಂಥದ ತಾತ್ಪರ್ಯವೂ ಕನ್ನಡ ಶಬ್ದದ ವ್ಯಾಪ್ತಿಯೂ ಒಟ್ಟಿಗೆ ಗೋಚರವಾಗುವುವು.