ಗೆರೆಯ ಮೇಲೆ ಬಿದ್ದ ಚೆಂಡು

ಟೆನಿಸ್ ಪಂದ್ಯಗಳನ್ನು ಟೆಲಿವಿಷನ್ನಿನಲ್ಲಿ ನೋಡಿ ಮೆಚ್ಚಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ತುಂಬಿದ ಪ್ರೇಕ್ಷಕಾಂಗಣ, ಎತ್ತರದ ಪೀಠದಲ್ಲಿ ಕುಳಿತ ಅಂಪೈರು, ಗೆರೆಗಳನ್ನು ಕಾಯುವ ಯಂತ್ರಗಳು, ಇವೆಲ್ಲ ಆ ಆಟದ ತುತ್ತತುದಿಯ ನೋಟ. ಆ ತುದಿಯನ್ನು ಮುಟ್ಟಬೇಕೆಂದು ಹೊರಟ ಮಗುವಿನ ದಿನಚರಿ ಹೇಗಿರುತ್ತದೆಂಬುದನ್ನು ನಾನು ಆರು ವರ್ಷಗಳಿಂದ ಬಲ್ಲೆ. ನಾನು ಆಟಗಾರನಲ್ಲ, ಹದಿಮೂರು ವರ್ಷದ ಆಟಗಾರ್ತಿಯೊಬ್ಬಳ ತಂದೆ. ಅಂದರೆ, ಬೆಂಗಳೂರಿನ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಸ್ಕೂಟರನ್ನು ಹೊರತೆಗೆಯುವವನು, ಆಮೇಲೆ ಬೇಲಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಕಾಯುವವನು.

ಅಭ್ಯಾಸವೆಂದರೆ ಇಬ್ಬರು ಎದುರುಬದುರು ನಿಂತು ಆಡುವುದೆಂದು ನಾನೂ ಮೊದಲು ಭಾವಿಸಿದ್ದೆ. ಆದರೆ ಮೊದಲ ಮುಕ್ಕಾಲು ಗಂಟೆ ಚೆಂಡಿನ ಸುಳಿವೇ ಇರುವುದಿಲ್ಲ. ಓಟ, ಹಗ್ಗದಾಟ, ಅಡ್ಡ ಹೆಜ್ಜೆಯ ನಡಿಗೆ. ಎದುರಾಳಿಯ ರಾಕೆಟ್ಟು ಚೆಂಡನ್ನು ತಾಗುವ ಹೊತ್ತಿಗೆ ಸರಿಯಾಗಿ ಎರಡೂ ಪಾದಗಳನ್ನು ತುಸು ಎತ್ತಿ ಇಳಿಸುವ ಪುಟ್ಟ ಜಿಗಿತವೊಂದಿದೆ. ಹಾಗೆ ಇಳಿದ ಪಾದ ಯಾವ ದಿಕ್ಕಿಗಾದರೂ ಚಿಮ್ಮಬಲ್ಲದು. ನೆಲಕ್ಕಂಟಿ ನಿಂತ ಪಾದಕ್ಕೆ ಆ ಚುರುಕಿಲ್ಲ. ಇದೊಂದನ್ನು ರೂಢಿಸಿಕೊಳ್ಳಲು ನನ್ನ ಮಗಳಿಗೆ ಒಂದು ವರ್ಷ ಹಿಡಿಯಿತು.

ಬಳಿಕ ಚೆಂಡಿನ ಬುಟ್ಟಿ ಬರುತ್ತದೆ. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು 135ರಿಂದ 147 ಸೆಂಟಿಮೀಟರ್‌ವರೆಗೆ ಪುಟಿಯಬೇಕು. ಬುಟ್ಟಿಯ ಚೆಂಡುಗಳಿಗೆ ಆ ಯೌವನ ಎಂದೋ ಕಳೆದಿರುತ್ತದೆ. ಹೊಸದನ್ನು ದಿನವೂ ಕೊಳ್ಳುವ ಶಕ್ತಿ ಯಾರಿಗಿದೆ? ತರಬೇತುದಾರರು ಒಂದೊಂದಾಗಿ ಎಸೆಯುತ್ತಾರೆ, ಮಗಳು ಅವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆಯುತ್ತಾಳೆ. ನೇರವಾಗಿ ಹೊಡೆಯಬಾರದೇಕೆಂದು ಒಮ್ಮೆ ಕೇಳಿದೆ. ಅವರು ನೆಲದ ಮೇಲೆ ಲೆಕ್ಕ ಬರೆದು ತೋರಿಸಿದರು. ಬಲೆಯ ಎತ್ತರ ನಡುವೆ 91.4 ಸೆಂಟಿಮೀಟರ್, ಕಂಬಗಳ ಬಳಿ 107. ಅಂಗಳದ ಉದ್ದ 23.77 ಮೀಟರ್, ಸಿಂಗಲ್ಸ್ ಆಟಕ್ಕೆ ಅಗಲ 8.23 ಮೀಟರ್, ಮೂಲೆಯಿಂದ ಮೂಲೆಗೆ 25 ಮೀಟರಿಗೂ ಹೆಚ್ಚು. ಓರೆಯ ಹೊಡೆತಕ್ಕೆ ಬಲೆಯೂ ತಗ್ಗು, ಬೀಳಲು ಜಾಗವೂ ಹೆಚ್ಚು. ನೋಡುವವರಿಗೆ ಬೇಸರ ತರಿಸುವ ಆ ಓರೆ ಹೊಡೆತ ಆಟಗಾರರ ಅನ್ನವೆಂದು ಅಂದು ತಿಳಿಯಿತು.

ಏಳೂವರೆಗೆ ರಾಗಿಗಂಜಿ, ಬಾಳೆಹಣ್ಣು; ಎಂಟೂವರೆಗೆ ಶಾಲೆ; ಸಂಜೆ ಮತ್ತೆ ಎರಡು ಗಂಟೆ ಅಂಗಳ. ರಾತ್ರಿ ಗಣಿತದ ಪುಸ್ತಕದ ಮೇಲೆಯೇ ನಿದ್ದೆ. ಇಷ್ಟೆಲ್ಲ ಎಷ್ಟು ವರ್ಷ? ಕೊಡಗಿನ ರೋಹನ್ ಬೋಪಣ್ಣ 2003ರಲ್ಲಿ ವೃತ್ತಿಗಿಳಿದವರು; ಪುರುಷರ ಡಬಲ್ಸ್‌ನಲ್ಲಿ ಅವರಿಗೆ ಮೊದಲ ಗ್ರ್ಯಾಂಡ್‌ಸ್ಲ್ಯಾಮ್ ದೊರೆತದ್ದು 2024ರಲ್ಲಿ, 43ನೆಯ ವಯಸ್ಸಿನಲ್ಲಿ. ಈ ಮಾತನ್ನು ನಮ್ಮ ಮನೆಯ ಹಿರಿಯರ ಮುಂದೆ ನಾನು ಆಡುವುದಿಲ್ಲ.

ಅಖಿಲ ಭಾರತ ಟೆನಿಸ್ ಸಂಸ್ಥೆಯ ಆಶ್ರಯದಲ್ಲಿ 12, 14, 16, 18 ವರ್ಷದೊಳಗಿನವರಿಗೆಂದು ಪಂದ್ಯಾವಳಿಗಳು ನಡೆಯುತ್ತವೆ. ಗೆದ್ದ ಸುತ್ತುಗಳಿಗೆ ತಕ್ಕಂತೆ ಅಂಕ, ಅಂಕಗಳಿಗೆ ತಕ್ಕಂತೆ ಶ್ರೇಯಾಂಕ. 32 ಮಕ್ಕಳ ಪಟ್ಟಿಯಲ್ಲಿ ಮೊದಲ ಸುತ್ತಿಗೇ 16 ಮಂದಿ ಸೋಲುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವರು ಅಂದು ಸಂಜೆಯೇ ಮರಳಿ ಬಸ್ಸು ಹತ್ತುತ್ತಾರೆ. ಇಂಥ ಪಂದ್ಯಗಳ ಆರಂಭದ ಸುತ್ತುಗಳಲ್ಲಿ ಪೀಠದ ಮೇಲೆ ಅಂಪೈರು ಇರುವುದಿಲ್ಲ. ಒಬ್ಬ ಅಧಿಕಾರಿ ಹಲವು ಅಂಗಳಗಳ ನಡುವೆ ಸುತ್ತುತ್ತಿರುತ್ತಾರೆ, ಅಷ್ಟೆ. ಬಲೆಯ ತನ್ನ ಬದಿಗೆ ಬಿದ್ದ ಚೆಂಡು ಒಳಗೋ ಹೊರಗೋ ಎಂಬುದನ್ನು ಆಟಗಾರರೇ ಹೇಳಬೇಕು. ಸಂದೇಹವಿದ್ದರೆ ಅದರ ಲಾಭ ಎದುರಾಳಿಗೆ. ಗೆರೆಗೆ ಕೂದಲೆಳೆಯಷ್ಟು ತಾಗಿದರೂ ಚೆಂಡು ಒಳಗೇ. ಮಣ್ಣಿನ ಅಂಗಳದಲ್ಲಾದರೆ ಗುರುತು ಉಳಿಯುತ್ತದೆ, ಹೋಗಿ ನೋಡಬಹುದು. ಗಟ್ಟಿನೆಲದಲ್ಲಿ ಆ ಸೌಕರ್ಯವಿಲ್ಲ.

ಕಳೆದ ವರ್ಷ ಇಂಥದೊಂದು ಗಟ್ಟಿನೆಲದ ಮೇಲೆ, ಮೂರನೆಯ ಸೆಟ್ಟಿನ ಕೊನೆಯಲ್ಲಿ, ಎದುರಾಳಿ ಹುಡುಗಿ ಹೊಡೆದ ಚೆಂಡು ಹಿಂದಿನ ಗೆರೆಯ ಬಳಿ ಬಿದ್ದಿತು. ಮಗಳು ಬೆರಳೆತ್ತಿ "ಔಟ್" ಎಂದಳು. ಆ ಹುಡುಗಿ ಒಂದು ಗಳಿಗೆ ನಿಂತು ನೋಡಿದಳು, ಏನೂ ಹೇಳದೆ ತನ್ನ ಜಾಗಕ್ಕೆ ಹೋದಳು. ಪಂದ್ಯ ನಮ್ಮದಾಯಿತು.

ರಾತ್ರಿ ವಸತಿಗೃಹದಲ್ಲಿ ಮಗಳು ಊಟ ಮಾಡಲಿಲ್ಲ. "ಅಪ್ಪ, ಆ ಚೆಂಡು ಗೆರೆಗೆ ತಾಗಿತ್ತು" ಎಂದಳು. "ಆಗಲೇ ಗೊತ್ತಿತ್ತೇನಮ್ಮ?" ಎಂದೆ. "ಬೆರಳೆತ್ತಿದ ಮೇಲೆ ಗೊತ್ತಾಯಿತು. ಇಳಿಸಲು ಆಗಲಿಲ್ಲ." ತಪ್ಪನ್ನು ಆ ಕ್ಷಣವೇ ಒಪ್ಪಿಕೊಂಡರೆ ನಿಯಮದಲ್ಲಿ ಪರಿಹಾರವುಂಟು: ಸಾಮಾನ್ಯವಾಗಿ ಆ ಅಂಕವನ್ನು ಮತ್ತೆ ಆಡಿಸುತ್ತಾರೆ, ಕೆಲವೊಮ್ಮೆ ಎದುರಾಳಿಗೇ ಕೊಡುತ್ತಾರೆ. ಪಂದ್ಯ ಮುಗಿದ ಮೇಲೆ ಏನೂ ಇಲ್ಲ. ಬೇಲಿಯ ಹೊರಗಿದ್ದ ನಾನೂ ಆ ಚೆಂಡನ್ನು ಕಂಡಿದ್ದೆನೆಂಬುದನ್ನು ಅವಳಿಗೆ ಹೇಳಬೇಕಾಗಿತ್ತು. ಪೋಷಕರು ಮಾತನಾಡಬಾರದೆಂಬ ನಿಯಮ ಆಟದ ಹೊತ್ತಿಗೆ ಮಾತ್ರ. ಆದರೂ ಅಂದು ರಾತ್ರಿ ನಾನು ಬಾಯಿ ಬಿಡಲಿಲ್ಲ. ಹೇಳಿದ್ದು ಎರಡು ದಿನಗಳ ನಂತರ, ಊರಿಗೆ ಮರಳುವ ದಾರಿಯಲ್ಲಿ. ಅವಳು ಕಿಟಕಿಯ ಕಡೆಗೆ ತಿರುಗಿ ಕುಳಿತಳು.

ಪಂದ್ಯದ ಮರುದಿನ ಬೆಳಿಗ್ಗೆ ಅವಳು ಆ ಹುಡುಗಿಯನ್ನು ಅಂಗಳದಿಂದ ಅಂಗಳಕ್ಕೆ ಹುಡುಕಿದ್ದಳು. ಸೋತವರು ಹಿಂದಿನ ಸಂಜೆಯೇ ಊರಿಗೆ ಹೊರಟುಹೋಗಿದ್ದರು.

ಮುಂದಿನ ತಿಂಗಳ ಪಂದ್ಯಾವಳಿಯ ಪಟ್ಟಿ ಮೊನ್ನೆ ಬಂದಿದೆ. ಅದರಲ್ಲಿ ಆ ಹುಡುಗಿಯ ಹೆಸರೂ ಇದೆ. ಮಗಳು ಅದನ್ನು ಎರಡು ಬಾರಿ ಓದಿದಳು. "ನಾಳೆ ನಾಲ್ಕೂವರೆಗೇ ಎಬ್ಬಿಸಪ್ಪ" ಎಂದು ಹೇಳಿ ಮಲಗಲು ಹೋದಳು.