ಶ್ರುತಿ ಹಂಚಿಕೊಂಡ ಕಾಡು

ಬರ್ನಿ ಕ್ರೌಸ್ ಮೊದಲು ಕಾಡಿಗೆ ಹೋದದ್ದು ಸಂಗೀತದ ಕೆಲಸಕ್ಕೆ. 1960ರ ದಶಕದ ಅಮೆರಿಕದಲ್ಲಿ ಮೂಗ್ ಸಿಂಥಸೈಜರ್ ಬಲ್ಲವರೇ ಕಡಿಮೆ. ಅಂಥವರಲ್ಲಿ ಕ್ರೌಸ್ ಮತ್ತು ಅವರ ಜೊತೆಗಾರ ಪಾಲ್ ಬೀವರ್ ಇದ್ದರು. ಪರಿಸರವನ್ನೇ ವಸ್ತುವಾಗಿಸಿಕೊಂಡು ಇಬ್ಬರೂ ಆಲ್ಬಮ್ ಮಾಡಲು ಹೊರಟಾಗ ಕಾಡಿನ ಸದ್ದು ಹಿಡಿದು ತರುವ ಪಾಳಿ ಕ್ರೌಸ್ ಅವರದಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮ್ಯೂರ್ ವುಡ್ಸ್‌ನ ರೆಡ್‌ವುಡ್ ಮರಗಳ ನಡುವೆ ಹೆಡ್‌ಫೋನ್ ಹಾಕಿಕೊಂಡು ಕೂತರು. 1970ರಲ್ಲಿ ‘ಇನ್ ಎ ವೈಲ್ಡ್ ಸ್ಯಾಂಕ್ಚುಯರಿ’ ಹೊರಬಂತು.

ಈ ಬಗೆಯ ಸಂಗೀತಕ್ಕೆ ‘ಆ್ಯಂಬಿಯೆಂಟ್’ ಎಂಬ ಹೆಸರು ಅಂಟಿದ್ದು 1978ರಲ್ಲಿ, ಬ್ರಿಟನ್ನಿನ ಬ್ರಯಾನ್ ಈನೋ ಅವರಿಂದ. 1982ರ ‘ಆನ್ ಲ್ಯಾಂಡ್’ನಲ್ಲಿ ಅವರೂ ಕಪ್ಪೆ, ಕೀಟಗಳ ಸದ್ದನ್ನು ಸೇರಿಸಿಕೊಂಡರು. ಇಂದು ಅದೇ ಕೆಲಸ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಒಂದು ಸೆಕೆಂಡಿನ ಹಕ್ಕಿ ಕೂಗನ್ನು ಹತ್ತಾರು ಮಿಲಿಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಹಲವು ಸಲ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನುಡಿಸಿದರೆ, ಶ್ರುತಿ ಕದಲದೆ ಕೂಗು ನಿಮಿಷಗಟ್ಟಲೆ ಹಿಗ್ಗುತ್ತದೆ. ಹಾಗಲ್ಲದೆ ಧ್ವನಿಮುದ್ರಣವನ್ನೇ ನಿಧಾನಗೊಳಿಸಿದರೆ ಶ್ರುತಿಯೂ ಇಳಿಯುತ್ತದೆ: ವೇಗ ಅರ್ಧಕ್ಕೆ ಬಂದರೆ ಸ್ವರ ಒಂದು ಸ್ಥಾಯಿ ಕೆಳಗೆ. ಬಾವಲಿಯ 40 ಕಿಲೋಹರ್ಟ್ಸ್ ಸದ್ದು ನಮಗೆ ಕೇಳದು. ಹತ್ತು ಪಟ್ಟು ನಿಧಾನ ಮಾಡಿದರೆ ಅದು 4 ಕಿಲೋಹರ್ಟ್ಸಿಗೆ ಇಳಿದು ಸಲೀಸಾಗಿ ಕಿವಿಗೆ ಬೀಳುತ್ತದೆ. ಆದರೆ ಅಷ್ಟು ಮೇಲಿನ ಸದ್ದನ್ನು ಮೊದಲು ಹಿಡಿಯಬಲ್ಲ ಮೈಕ್ ಮತ್ತು ರೆಕಾರ್ಡರ್ ಬೇಕು. ಸಿ.ಡಿ. ಗುಣಮಟ್ಟದ ಧ್ವನಿಮುದ್ರಣ 22 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಸಿಂಥಸೈಜರ್ ನುಡಿಸುವವರಿಗೆ ಇನ್ನೊಂದು ಅಭ್ಯಾಸವಿರುತ್ತದೆ. ಎಲ್ಲ ಕಂಪನಾಂಕಗಳೂ ತುಂಬಿಕೊಂಡ ಗಲಾಟೆಯ ಸದ್ದಿನಿಂದ ಬೇಡದ್ದನ್ನು ಫಿಲ್ಟರ್ ಹಾಕಿ ತೆಗೆದು, ಒಂದು ಸ್ವರಕ್ಕೆ ಜಾಗ ಮಾಡಿಕೊಡುವುದು ಅವರ ನಿತ್ಯದ ಕೆಲಸ. ಕ್ರೌಸ್ ಕಾಡನ್ನು ಕೇಳಿಸಿಕೊಂಡದ್ದು ಈ ಕಿವಿಯಿಂದಲೇ. 1983ರಲ್ಲಿ ಕೀನ್ಯಾದ ಮಸಾಯ್ ಮಾರಾದಲ್ಲಿ ರಾತ್ರಿಯ ಸದ್ದು ಕೇಳುತ್ತಿದ್ದಾಗ, ಇಲ್ಲಿ ಯಾರೋ ಸ್ವರಗಳನ್ನು ಹೊಂದಿಸಿದ್ದಾರೆ ಎಂದು ಅವರಿಗೆ ಅನ್ನಿಸಿತು. ಸ್ಪೆಕ್ಟ್ರೋಗ್ರಾಮ್ ತೆಗೆದು ನೋಡಿದರು. ಕಾಲ ಅಡ್ಡಕ್ಕೆ, ಕಂಪನಾಂಕ ಉದ್ದಕ್ಕೆ ಮೂಡುವ ಧ್ವನಿಚಿತ್ರ ಅದು. ಕೀಟಗಳು ಒಂದು ಪಟ್ಟಿಯಲ್ಲಿ, ಹಕ್ಕಿಗಳು ಇನ್ನೊಂದರಲ್ಲಿ, ಕಪ್ಪೆಗಳು ಮತ್ತೊಂದರಲ್ಲಿ. ಒಬ್ಬರ ದನಿ ಇನ್ನೊಬ್ಬರದನ್ನು ಮುಚ್ಚದಂತೆ ಜೀವಿಗಳು ಕಂಪನಾಂಕವನ್ನೂ ಸಮಯವನ್ನೂ ಹಂಚಿಕೊಂಡಿವೆ ಎಂದು ಅವರು ವಾದ ಮುಂದಿಟ್ಟರು.

ಇದು ಎಲ್ಲ ಕಾಡಿಗೂ ಸಲ್ಲುತ್ತದೆಯೇ ಎಂಬ ಚರ್ಚೆ ಜೀವವಿಜ್ಞಾನಿಗಳಲ್ಲಿ ಇನ್ನೂ ಇದೆ. ಆದರೆ ಇಂಥದೇ ಪ್ರಶ್ನೆಯನ್ನು ಅಳತೆಗೆ ಒಡ್ಡಿದ ಕೆಲಸ ನಮ್ಮ ಕುದುರೆಮುಖದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ತಂಡ ಅಲ್ಲಿನ ನಿತ್ಯಹರಿದ್ವರ್ಣ ಕಾಡಿನ ಚಿಮ್ಮಂಡೆಗಳ ಮುಸ್ಸಂಜೆ ಮೇಳವನ್ನು ಅಧ್ಯಯನ ಮಾಡಿತು. ನಮಗೆ ಕಿವಿ ಗಡಚಿಕ್ಕುವಂತೆ ಕೇಳುವ ಆ ಮೇಳದಲ್ಲಿ ಕೇಳುಗ ಕೀಟದ ಮಟ್ಟಿಗೆ ಬೇರೆ ಪ್ರಭೇದಗಳ ಅಡಚಣೆ ತೀರ ಕಡಿಮೆ ಎಂದು 2014ರ ಅವರ ಪ್ರಬಂಧ ತೋರಿಸಿತು. ದನಿಯ ಕಂಪನಾಂಕ, ಕೂಗುವ ಲಯ, ಕೂತ ಜಾಗದ ಅಂತರ ಇವೆಲ್ಲ ಸೇರಿ ಒಂದೊಂದಕ್ಕೂ ದಾರಿ ಬಿಡುತ್ತವೆ.

ಈ ಹೊಂದಾಣಿಕೆ ಕೆಟ್ಟರೆ ಏನಾಗುತ್ತದೆ? ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಲಿಂಕನ್ ಮೆಡೋ ಎಂಬ ಹುಲ್ಲುಗಾವಲಿದೆ. ಅಲ್ಲಲ್ಲಿ ಆಯ್ದ ಮರಗಳನ್ನಷ್ಟೇ ಕಡಿಯುತ್ತೇವೆ, ಪರಿಸರಕ್ಕೆ ಏಟಾಗದು ಎಂದು ಮರದ ಕಂಪನಿಯೊಂದು ಊರವರನ್ನು ಒಪ್ಪಿಸಿತ್ತು. ಕಡಿಯುವ ಮುನ್ನ, 1988ರ ಜೂನ್‌ನಲ್ಲಿ, ಕ್ರೌಸ್ ಅಲ್ಲಿನ ಮುಂಜಾವನ್ನು ಧ್ವನಿಮುದ್ರಿಸಿಕೊಂಡರು. ಕಡಿದ ಮೇಲೆ, ಮರುವರ್ಷ, ಅದೇ ಋತು, ಅದೇ ಹೊತ್ತು, ಅದೇ ಜಾಗ. ಫೋಟೋದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಮಾತ್ರ ಹಕ್ಕಿಗಳ ದಟ್ಟ ಪದರ ಹೋಗಿ, ತೊರೆಯ ಸದ್ದೂ ಒಂದು ಮರಕುಟಿಗದ ಬಡಿತವೂ ಉಳಿದಿದ್ದವು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಅವರು ಮತ್ತೆ ಮತ್ತೆ ಹೋದರು. ಹಳೆಯ ದನಿ ಮರಳಿರಲಿಲ್ಲ. ಅಲ್ಲಿ ಕಣ್ಣು ಮೋಸಹೋಗಿತ್ತು, ಕಿವಿ ಹೋಗಲಿಲ್ಲ. ನನ್ನ ಮಟ್ಟಿಗೆ ಕ್ರೌಸ್ ಅವರ ಬದುಕಿನ ಅತಿ ದೊಡ್ಡ ಕೆಲಸ ಇದೇ, ಯಾವ ಆಲ್ಬಮ್ಮೂ ಅಲ್ಲ.

ಹಾಗಾಗಿಯೇ ಎಲ್ಲಿಂದಲೋ ತಂದ ಹಕ್ಕಿ ಕೂಗನ್ನು ಇನ್ನೆಲ್ಲಿಯದೋ ಮಳೆಯ ಮೇಲೆ ಹಚ್ಚಿ, ಹತ್ತು ಗಂಟೆ ಸುತ್ತುವ ‘ನಿದ್ದೆಯ ಸಂಗೀತ’ ನನಗೆ ಒಗ್ಗುವುದಿಲ್ಲ. ಅದರಲ್ಲಿ ಕಾಡಿನ ಸದ್ದು ಇದೆ, ಕಾಡು ಮಾಡಿಕೊಂಡ ಹಂಚಿಕೆ ಇಲ್ಲ. ಇದಕ್ಕೆ ಎದುರಾಗಿ ಕ್ರಿಸ್ ವಾಟ್ಸನ್ ಅವರನ್ನು ಕೇಳಬೇಕು. ಅವರೂ ಎಲೆಕ್ಟ್ರಾನಿಕ್ ಸಂಗೀತದಿಂದಲೇ ಬಂದವರು, ಶೆಫೀಲ್ಡಿನ ‘ಕ್ಯಾಬರೆ ವಾಲ್ಟೇರ್’ ತಂಡದ ಸ್ಥಾಪಕರಲ್ಲಿ ಒಬ್ಬರು. 2003ರ ‘ವೆದರ್ ರಿಪೋರ್ಟ್’ನಲ್ಲಿ ಮಸಾಯ್ ಮಾರಾದ ಹದಿನಾಲ್ಕು ಗಂಟೆಗಳನ್ನು 18 ನಿಮಿಷಕ್ಕೆ ಇಳಿಸಿದ್ದಾರೆ. ಕಾಲ ಕುಗ್ಗಿದೆ, ಆದರೆ ಬೆಳಗಿನ ಜೀವಿಗಳು ಬೆಳಿಗ್ಗೆಯೇ ಕೂಗುತ್ತವೆ, ಸಂಜೆಯವು ಸಂಜೆಯೇ. ಯಾವ ಜಾಗ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನೂ ಬರೆದಿಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಹರಿದಾಡುವ ನೂರಾರು ‘ಕಾಡಿನ ಸಂಗೀತ’ಗಳಲ್ಲಿ ಈ ಮೂರು ವಿವರಗಳೂ ಇರುವುದಿಲ್ಲ. ಅವಿಲ್ಲದ ಸದ್ದನ್ನು ಇನ್ನು ಮೂವತ್ತು ವರ್ಷದ ಮೇಲೆ ಲಿಂಕನ್ ಮೆಡೋದ ಹಾಗೆ ಹಳತು, ಹೊಸತು ಪಕ್ಕಪಕ್ಕ ಇಟ್ಟು ನೋಡಲು ಯಾರಿಂದಲೂ ಆಗುವುದಿಲ್ಲ.