ಕಾಗದ ಓದಿದ ಸೊಸೆ

ಅಕ್ಕಂದಿರೇ, ಅಹಲ್ಯಾಬಾಯಿ ಹೋಳ್ಕರ್ ಹೆಸರು ಕೇಳಿದ್ದೀರಾ? ಹುಟ್ಟಿದ್ದು 1725ರಲ್ಲಿ, ಇಂದಿನ ಮಹಾರಾಷ್ಟ್ರದ ಚೌಂಡಿ ಹಳ್ಳಿಯಲ್ಲಿ. ಆ ಕಾಲದಲ್ಲೇ ಆಕೆ ಓದು ಬರಹ ಕಲಿತಳು.

ಮಾವ ಮಲ್ಹಾರರಾವ್ ಮರಾಠರ ದೊಡ್ಡ ಸರದಾರ. ಇಂದೂರು ಸೀಮೆ ಅವನದು. 1754ರಲ್ಲಿ ಅಹಲ್ಯೆಯ ಗಂಡ ಯುದ್ಧದಲ್ಲಿ ಸತ್ತ. ಆಕೆ ಚಿತೆ ಏರಲು ಹೊರಟಳು. ಮಾವ ತಡೆದ. ರಾಜ್ಯದ ಕೆಲಸ ಕಲಿಸಿದ. ದೂರ ಹೋದಾಗ ಸೊಸೆಗೆ ಕಾಗದ ಬರೆದ. 1765ರ ಒಂದು ಕಾಗದದಲ್ಲಿ ಫಿರಂಗಿಗೆ ಮದ್ದುಗುಂಡು ಹೊಂದಿಸು ಅಂತ ಹೇಳಿದ್ದಾನೆ.

1766ರಲ್ಲಿ ಮಾವ ತೀರಿಕೊಂಡ. ಮರುವರ್ಷ ಅಹಲ್ಯೆಯ ಮಗನೂ ಸತ್ತ. ಹೆಂಗಸಿನ ಕೈಗೆ ರಾಜ್ಯ ಬೇಡ ಅಂದರು ಕೆಲವರು. ಅಹಲ್ಯೆ ಹೆದರಲಿಲ್ಲ. ಪುಣೆಯ ಪೇಶ್ವೆಯ ಒಪ್ಪಿಗೆ ಪಡೆದಳು. 1795ರಲ್ಲಿ ಸಾಯುವವರೆಗೂ ಆಳಿದಳು. ಆಕೆ ಬೆಳೆಸಿದ ಮಹೇಶ್ವರದ ನೇಯ್ಗೆ ಸೀರೆ ಇಂದಿಗೂ ಹೆಸರುವಾಸಿ.

ಮನೆಗೆ ಬಂದ ಕಾಗದ ಇನ್ನು ನಾವೇ ಓದೋಣ. ಓದಿ ತಿಳಿದವಳಿಗೆ ಕೆಲಸ ನಡೆಸಲು ಬರುತ್ತದೆ.